ಉಪಯುಕ್ತ ವೆಚ್ಚ

ರೂರ್ ನದಿ ದಂಡೆಯ ಟರ್ಬೈನ್ ಕಾರ್ಖಾನೆ.
ವಿಲ್ಫ್ರೀಡ್ ಓಸ್ಟರ್‌ಕಾಂಪ್, ಲೆಕ್ಕಪತ್ರದಲ್ಲಿ ಮೂವತ್ತೊಂದು ವರ್ಷ,
ವಿಚಾರಣೆಗೆ ಕೂತದ್ದು ಕೋಟು ಬಿಚ್ಚದೆ.

ಕಡತ ತಿರುವಿದೆ:
ಅಣೆಕಟ್ಟಿನ ಮಂತ್ರಿಗೆ, ಮಂತ್ರಿಯ ಭಾವಮೈದುನನಿಗೆ,
ಬಂದರಿನಲ್ಲಿ ಕಣ್ಣು ಮುಚ್ಚಿ ಕೂತವನಿಗೆ—
ಎಲ್ಲಕ್ಕೂ ಒಂದೇ ಕಾಲಮ್ಮು, ಮುತ್ತಿನಂಥ ಅಕ್ಷರ:
‘ಉಪಯುಕ್ತ ವೆಚ್ಚ’.

“ಆಗ ತೆರಿಗೆಯವರೂ ಒಪ್ಪುತ್ತಿದ್ದರು.
ನಾನಂತೂ ಒಂದು ಫೆನಿಗ್ ಮುಟ್ಟಿದವನಲ್ಲ.”

ನಿಜ. ಹುಡುಕಿ ನೋಡಿದ್ದೇನೆ.
ಬರೆದ ಪೆನ್ಸಿಲ್ಲು ಕೂಡ
ಮನೆಯಿಂದ ತಂದದ್ದು.

ಯಾರಿಗೆ ಉಪಯುಕ್ತ, ಎಂದೆ.
ಕಿಟಕಿಯಾಚೆ ಕ್ರೇನೊಂದು
ಏನನ್ನೋ ಎತ್ತಿ, ಇಳಿಸದೆ, ನಿಂತಿತ್ತು.

ಎದ್ದರು. ಕಂಪನಿಯ ಕಾಫಿ ಅರ್ಧ ಕುಡಿದಿದ್ದರು.
ಕಪ್ಪಿನ ಪಕ್ಕ ಎಂಬತ್ತು ಸೆಂಟ್ ಎಣಿಸಿಟ್ಟು
ನನ್ನ ಬಳಿ
ರಸೀದಿ ಕೇಳಿದರು.