ಒಂಟಿಮನಿ

ಬೆಟಗೇರಿಯ ಪ್ರೆಸ್ಸಿನಾಗ ನಾನು ಮೊಳೆ ಜೋಡಿಸೋ ಹುಡುಗ,
ಎಂಟನೇತ್ತ ಬಿಟ್ಟು ಮೂರು ತಿಂಗಳು.
ನೋಡದೇ ಖಾನೆಗೆ ಕೈ ಹೋಗುತ್ತಿತ್ತು:
ಕ ಎಡಕ್ಕೆ, ಳ ಮೂಲೆಗೆ,
ಒತ್ತುಗಳೆಲ್ಲ ಕೆಳಸಾಲಿನಲ್ಲಿ,
ಯಾರ ಕಾಲಿಗಾದರೂ ಬೀಳಲು ಕಾದು ಕೂತಂಥವು.

ಅರ್ಧವಾರ್ಷಿಕ ಪರೀಕ್ಷೆ, ರಸಾಯನಶಾಸ್ತ್ರ.
ಇಂದುಮತಿ ಜವಳಿ ಬಾಯಾರ ಅಕ್ಷರವೋ, ಓಡುವ ಇರುವೆ.
ನಾಲ್ಕನೇ ಪ್ರಶ್ನೆ ಹೀಗೆ ಜೋಡಿಸಿದೆ:
‘ಒಂಟಿಮನಿಯ ಸಂಕೇತವೇನು?’
ತಪ್ಪು ಅನಿಸಲಿಲ್ಲ. ನಮ್ಮದೂ ಹಾಗೇ ಇತ್ತಲ್ಲ,
ನರಸಾಪುರದ ಹಾದಿಗೆ, ಊರು ಮುಗಿದ ಮೇಲೆ ಒಂದೇ ಮನಿ.
ನನ್ನನ್ನು ಕೇಳಿದ್ದರೆ
ಬಾಗಿಲ ಮುಂದಿನ ಬೇವಿನ ಗಿಡ ಅಂತ ಬರೀತಿದ್ದೆ.

ಕರಡು ತಿದ್ದಲು ಬಾಯಾರು ಕೆಂಪು ಪೆನ್ನು ಎತ್ತಿದರು,
ಎತ್ತಿದವರು ನಕ್ಕರು,
ಟ್ರೆಡಲ್ ತುಳಿಯುತ್ತಿದ್ದ ದಾವಲಸಾಬ ಕಾಲು ನಿಲ್ಲಿಸುವಷ್ಟು.
‘ಅದು ಆಂಟಿಮನಿ, ತಮ್ಮಾ.’
‘ಯಾವ ಆಂಟಿ ಮನೀರಿ?’

ಸ್ಟೂಲಿನ ಮೇಲೆ ಕೂತು ಹೇಳಿದರು:
ಹೆಸರು ಎಲ್ಲಿಂದ ಬಂತೋ ಯಾರಿಗೂ ಖಚಿತ ಗೊತ್ತಿಲ್ಲ.
ಗ್ರೀಕರ ಮಾತಿನಾಗ ‘ಒಂಟಿ ಅಲ್ಲದ್ದು’ ಅಂತಾರ ಕೆಲವರು;
ಗಂಧಕದ ಕೈ ಹಿಡಿದೋ, ಬೆಳ್ಳಿಯ ಬೆನ್ನು ಬಿದ್ದೋ
ಯಾರದಾದರೂ ಜೋಡಿ ಇದ್ದೇ ಇರ್ತದಂತ.
ಅದೂ ಕಟ್ಟುಕತಿ ಇರಬಹುದು.
ಸಂಕೇತ ಮಾತ್ರ ಬೇರೆ ಹೆಸರಿಂದ ಬಂದದ್ದು, ಸ್ಟಿಬಿಯಂ.
ಕಣ್ಣಿಗೆ ತೀಡುವ ಕಪ್ಪು.

‘ಸುರ್ಮಾ!’ ಅಂದ ದಾವಲಸಾಬ,
ತನ್ನ ತಾಯಿಯ ಹಿತ್ತಾಳೆ ಸುರ್ಮಾದಾನಿ
ಕಳ್ಳರ ಮನೆಯಲ್ಲಿ ಸಿಕ್ಕವನ ಹಾಗೆ.

‘ನಿನ್ನ ಬೆರಳಾಗೂ ಐತಿ ನೋಡು,’ ಅಂದರು ನನಗೆ.
ಬರೀ ಸೀಸ ಮೆತ್ತಗೆ, ಹೊಡೆತ ತಾಳುವುದಿಲ್ಲ.
ಮೊಳೆ ಎರೆಯುವಾಗ ಇದನ್ನು ಬೆರೆಸುತ್ತಾರೆ.
ಆರುತ್ತ ಉಳಿದವು ಕುಗ್ಗಿದರೆ
ಇದು ತುಸು ಹಿಗ್ಗಿ
ಅಕ್ಷರದ ಮೂಲೆಮೂಲೆಗೂ ಹೋಗಿ ನಿಲ್ಲುತ್ತದೆ.

ಚಿಮಟದಿಂದ ಒ ಕಿತ್ತೆ.
ಆ ಇಟ್ಟೆ. ಸೊನ್ನೆ, ಟಿ, ಮ, ನಿ.
ಕನ್ನಡಿಯೊಳಗಿನ ಹಾಗೆ ಹಿಂದುಮುಂದಾಗಿ
ತನ್ನ ಹೆಸರನ್ನು ತಾನೇ ಹೊತ್ತು ನಿಂತಿತು,
ಒಂಟಿಯಾಗಿ ಅಲ್ಲ, ಸೀಸ ತವರದ ಜೊತೆ.

ಒ-ವನ್ನು ಅದರ ಖಾನೆಗೆ ಹಾಕಬೇಕಿತ್ತು.
ಯಾಕೋ ಚಡ್ಡಿಯ ಕಿಸೆಗೆ ಹಾಕಿದೆ.

ರಾತ್ರಿ ಬೇವಿನ ಗಿಡದ ಹತ್ತಿರ
ಅವ್ವ ಕಂದೀಲು ಎತ್ತಿ ಹಿಡಿದು
‘ಒಬ್ಬನ ಬಂದ್ಯಾ?’ ಅಂದಳು.
ಮೊಳೆ ತೊಡೆಗೆ ಚುಚ್ಚುತ್ತಿತ್ತು.