ಸೋಮಾರಿ ದೊಸಿಂಡಾ

ನಮ್ಮ ಬಂದರಿನಿಂದ ಚರ್ಚಿಗೆ ನೂರಾ ಹನ್ನೆರಡು ಮೆಟ್ಟಿಲು.
ಮೂವತ್ತೆಂಟನೆಯದರ ಪಕ್ಕ ಒಂದು ಮೋಟುಗೋಡೆ;
ಅದು ಸವೆದದ್ದೇ ನನ್ನ ಕುಂಡೆಯಿಂದ ಎಂದು ಊರವರ ಗೇಲಿ.
ಸೋಮಾರಿ ದೊಸಿಂಡಾ: ಅಮ್ಮ ಇಟ್ಟ ಹೆಸರು,
ಪಾದ್ರಿ ಇಟ್ಟದ್ದಕ್ಕಿಂತ ಹೆಚ್ಚು ಬಾಳಿಕೆ ಬಂತು.

ಸಾರ್ಡೀನ್ ಬುಟ್ಟಿ ತಲೆಯ ಮೇಲೆ ಹೊತ್ತು
ಅಕ್ಕ ಎರುಂಡಿನಾ ಎರಡು ಸಲ ಹೋಗಿ ಬರುವಷ್ಟರಲ್ಲಿ
ನಾನು ಒಂದು.
ನನ್ನ ಪಾಲಿನದನ್ನೂ ಅವಳೇ ಹೊತ್ತಳು, ಬೈಯುತ್ತ.
ಕೊನೆಗೆ ಕೂತು ಮಾಡುವ ಕೆಲಸ ಕೊಟ್ಟರು: ಹರಿದ ಬಲೆ.
ಮೂವತ್ತು ವರ್ಷ
ತೂತು ಹುಡುಕಿದೆ, ಮುಚ್ಚಿದೆ.

ಐವತ್ತೆರಡಕ್ಕೆ, ಹಾಳು ಕೆಮ್ಮಿಗೊಂದು ಔಷಧ ಕೇಳಲು ಹೋದರೆ
ಹುಡುಗಿಯಂಥ ಡಾಕ್ಟರು ಎದೆಗೆ ಕೊಳವೆ ಒತ್ತಿ
ಮಾತು ನಿಲ್ಲಿಸಿದಳು.
ಆಮೇಲೆ ಕೊರುನ್ಯಾದಲ್ಲಿ, ಪರದೆಯ ಮೇಲೆ ಕಂಡೆ:
ಮೇಲಿನೆರಡು ಕೋಣೆಗಳ ನಡುಗೋಡೆಯಲ್ಲಿ ಕಿಂಡಿ,
ಎರಡೂವರೆ ಸೆಂಟಿಮೀಟರ್.
"ಯಾವಾಗಿನಿಂದ?"
"ಹುಟ್ಟುವ ಮೊದಲಿನಿಂದ."
ಶ್ವಾಸಕೋಶದಿಂದ ಬಂದ ರಕ್ತ ಮತ್ತೆ ಶ್ವಾಸಕೋಶಕ್ಕೇ,
ಇಳಿಸಿದ ಬುಟ್ಟಿಯನ್ನೇ ಮತ್ತೆ ಹೊತ್ತಂತೆ.
ಅಂದರೆ, ಅಕ್ಕಾ,
ಯಾರಿಗೂ ಕಾಣದೆ ನಾನೂ ಎರಡು ಸಲ ಹೋಗಿ ಬರುತ್ತಿದ್ದೆ.

ಹಿಂದಿನ ಸಂಜೆ ಸರ್ಜನ್ ಬಂದು, ಭಯವಿದೆಯೇ ಎಂದ.
ನಾನು ಕೇಳಿದ್ದು ಗಂಟಿನ ಬಗ್ಗೆ.
ದಾರ ತೋರಿಸಿದ: ಕೂದಲಿನಷ್ಟು ಸಪೂರ, ನೀಲಿ,
ನಮ್ಮ ಬಲೆಯದೇ ಬಣ್ಣ.
ತೇಪೆಯ ಬಟ್ಟೆಯೂ ನನ್ನದೇ ಅಂತೆ,
ಹೃದಯದ ಹೊರಚೀಲದ ಒಂದು ತುಂಡು.
"ಅಂಚು ಬಿಗಿಯಾಗಿ ಎಳೆಯಬೇಡ, ಮುದುಡುತ್ತದೆ" ಎಂದೆ.
ನಗಲಿಲ್ಲ ಅವನು. ತಲೆಯಾಡಿಸಿದ,
ಕಸುಬಿನವರು ಕಸುಬಿನವರಿಗೆ ಆಡಿಸುವ ಹಾಗೆ.

ನಲವತ್ತೊಂದು ನಿಮಿಷ ಹೃದಯ ನಿಂತಿತ್ತಂತೆ.
ಪಕ್ಕದಲ್ಲೊಂದು ಯಂತ್ರ
ನನ್ನ ಪಾಲಿನದನ್ನು ಹೊತ್ತಿತು, ಬೈಯದೆ.
ಬದುಕಿನಲ್ಲಿ ಅದೊಂದೇ ಸಲ
ನಾನು ನಿಜಕ್ಕೂ ಸೋಮಾರಿಯಾದದ್ದು.

ಅಕ್ಕ ಕಿತ್ತಳೆ ತಂದಳು. ಸುಲಿದಳು.
ಒಂದೊಂದು ತೊಳೆಯ ಬಿಳಿ ನಾರನ್ನೂ ಬಿಡಿಸಿ ಬಿಡಿಸಿ
ತಟ್ಟೆಯಲ್ಲಿಟ್ಟಳು. ಕ್ಷಮಿಸು ಎಂಬ ಮಾತು
ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದದ್ದಿಲ್ಲ.
ಅಮ್ಮ ಸತ್ತು ಒಂಬತ್ತು ವರ್ಷ. ಅವಳಿಗೆ ಯಾರು ಹೇಳುವುದು,
ಎರಡೂವರೆ ಸೆಂಟಿಮೀಟರ್ ಎಂದು?

ನಾಲ್ಕನೆಯ ತಿಂಗಳು ಮೆಟ್ಟಿಲು ಹತ್ತಿದೆ.
ಮೂವತ್ತೆಂಟಕ್ಕೆ ಕಾಲು ತಾನೇ ನಿಂತಿತು.
ಗೋಡೆಯ ಮೇಲೆ ಕೂತೆ, ಅಭ್ಯಾಸ.
ಉಸಿರು ಬರಲಿ ಎಂದು ಕಾದೆ.
ಅದು ಹೋಗಿಯೇ ಇರಲಿಲ್ಲ.