ಶೇಷ

ಕಾಳು ಒಂದು ಕಿಲೋಗೆ ಹುಲ್ಲು ಒಂದೂವರೆ.
ಕಾರವಾರದ ಕಚೇರಿಯಲ್ಲಿ ಇದನ್ನು ಬಾಯಿಪಾಠ ಮಾಡಿಸಿಯೇ
ನನ್ನನ್ನು ಬಸ್ಸು ಹತ್ತಿಸಿದ್ದರು.
ಇಡೀ ತಾಲೂಕಿನ ಭತ್ತಕ್ಕೆ ಗುಣಿಸು,
ದನ ತಿಂದದ್ದು ಕಳೆ, ಮಾಡಿಗೆ ಹೊದೆಸಿದ್ದು ಕಳೆ,
ಉಳಿದದ್ದರ ಹೆಸರು ಶೇಷ.
ಶೇಷದಿಂದ ಎರಡು ಸಾವಿರದ ಐವತ್ತರ ಲಾರಿಗಳು ಓಡುತ್ತವೆ.

ಮಾಣಿಕಟ್ಟಾದ ಗಜನಿಯ ಏರಿಯ ಮೇಲೆ
ಬೀರಾ ಪಟಗಾರ ಕೂತಿದ್ದ, ಕಾಲು ಕೆಸರಿಗೆ ಬಿಟ್ಟು.
ಕಗ್ಗದ ಕೊಯ್ಲು ಮುಗಿದಿತ್ತು. ಮುಗಿದಿತ್ತು ಎನ್ನುವುದೂ ತಪ್ಪೇ:
ತೆನೆಯಷ್ಟೇ ಹೋಗಿತ್ತು. ದಂಟು ಎದೆಮಟ್ಟ ನಿಂತೇ ಇತ್ತು,
ತಲೆ ಬೋಳಿಸಿಕೊಂಡ ಜನ ಯಾರನ್ನೋ ಕಾಯುವ ಹಾಗೆ.

ಸಿಕ್ಕಿತು ಅಂದುಕೊಂಡೆ. ಎಕರೆಗೆ ಇಷ್ಟು ಕ್ವಿಂಟಲ್,
ಯಾರೂ ಕೊಯ್ಯದ, ಯಾರೂ ಕಟ್ಟದ ಹುಲ್ಲು.
‘ಇದೆಲ್ಲಾ ಉಳಿದದ್ದಲ್ಲವಾ?’

‘ಉಳೀತು ಅಂತ ಯಾರಂದ್ರು ತಂಗಿ?’
ಮರದ ಹಲಗೆ ಎತ್ತಿದ. ಜಂತ್ರಡಿ ನರಳಿತು.
ಅಘನಾಶಿನಿಯ ಉಪ್ಪುನೀರು ಒಳಗೆ ಬಂತು,
ನೆಂಟರಂತೆ ಅಲ್ಲ, ಬೀಗ ತೆಗೆದು ತನ್ನ ಮನೆಗೇ ಬಂದಂತೆ.
‘ಇದು ಕೊಳೀಬೇಕು. ಕೊಳೆತದ್ದಕ್ಕೆ ಪಾಚಿ, ಪಾಚಿಗೆ ಶೆಟ್ಲಿ,
ಶೆಟ್ಲಿ ಹಿಂದೆ ಕಾಗಳಸಿ, ಏಡಿ.
ಜನವರೀಲಿ ಬನ್ನಿ, ನಿಮ್ಮ ಶೇಷ ತೂಗಿ ಕೊಡ್ತೆ.’

ನನ್ನ ಹಾಳೆಯಲ್ಲಿ ದನಕ್ಕೆ ಕಾಲಂ ಇದೆ,
ಸೂರಿಗೆ, ಗೊಬ್ಬರಕ್ಕೆ, ‘ಇತರೆ’ಗೆ ಇದೆ.
ಮೀನಿಗಿಲ್ಲ.
ಇತರೆಯಲ್ಲಿ ಬರೆದರೆ ಟ್ಯಾಬು ಕೇಳುತ್ತದೆ: ಕಿಲೋ ಎಷ್ಟು?
ಒಂದು ಕಾಗಳಸಿಯಲ್ಲಿ ಹುಲ್ಲು ಎಷ್ಟು, ಹೊಳೆ ಎಷ್ಟು,
ಹುಣ್ಣಿಮೆ ಎಷ್ಟು?

ಸಿಗ್ನಲ್ ಸಿಕ್ಕ ಕಡೆ ನಿಂತು ಕಚೇರಿಗೆ ಕೇಳಿದೆ.
ರೇವಣಕರ ಸರ್ ಒಳ್ಳೆಯವರು, ಸುಳ್ಳು ಬರೆ ಅನ್ನುವವರಲ್ಲ.
‘ಸೊನ್ನೆ ಹಾಕಿದರೆ ಹುಲ್ಲೇ ಇಲ್ಲ ಎಂದಾಗುತ್ತದೆ.
ಖಾಲಿ ಬಿಟ್ಟರೆ ಮಾದರಿ ತಾನೇ ತುಂಬಿಕೊಳ್ಳುತ್ತದೆ,
ರಾಜ್ಯದ ಸರಾಸರಿ.’
ಅಂದರೆ ಮಂಡ್ಯದ ಹುಲ್ಲು. ಕಾಲುವೆ ನೀರು ಕುಡಿದು ಬೆಳೆದದ್ದು,
ಉಪ್ಪಿನ ರುಚಿ ಅರಿಯದ್ದು,
ಈ ಗಜನಿಯಲ್ಲಿ ಟನ್ನುಗಟ್ಟಲೆ ಎದ್ದು ನಿಲ್ಲುತ್ತದೆ.

ಉಪಗ್ರಹದ ಚಿತ್ರವೂ ಇದೆ ನನ್ನ ಬಳಿ.
ಸೆಪ್ಟೆಂಬರಿನಲ್ಲಿ ಇದು ಗದ್ದೆ, ಫೆಬ್ರವರಿಯಲ್ಲಿ ಕೆರೆ,
ಮೇ ತಿಂಗಳಲ್ಲಿ ಬಿರುಕು ಬಿಟ್ಟ ಬಿಳಿ.
ಮೇ ತಿಂಗಳದ್ದನ್ನೇ ನೋಡಿ ಯಾರೋ
‘ಪಾಳು, ಲಭ್ಯ’ ಎಂದು ಹಳದಿ ಬಳಿದಿದ್ದಾರೆ.
ಆ ಹಳದಿಯಲ್ಲಿ ಇಂಧನದ ಬೆಳೆ ಬಿತ್ತಿಯೂ ಆಗಿದೆ
ಎರಡು ಸಾವಿರದ ನಲವತ್ತರಲ್ಲಿ.

ಬೀರಾನಿಗೆ ತೋರಿಸಿದೆ. ನಕ್ಕ ಅಂದುಕೊಂಡಿರಾ? ಇಲ್ಲ.
ಬಹಳ ಹೊತ್ತು ನೋಡಿದ, ಬೆರಳಿಂದ ದೊಡ್ಡದು ಮಾಡಿ ಮಾಡಿ.
‘ಕಟ್ಟೆ ಒಡೆದದ್ದು ಇಲ್ಲಿ ಕಾಣ್ತದೆ ನೋಡಿ.
ಅರ್ಜಿ ಕೊಟ್ಟು ನಾಕು ವರ್ಷ.
ಐವತ್ತನೇ ಇಸವೀಲಿ ಸಮುದ್ರ ಎಷ್ಟು ಮೇಲಿರ್ತದೆ,
ನಿಮ್ಮ ಯಂತ್ರ ಹೇಳ್ತದಾ?
ಹುಲ್ಲಿಗೆ ರೇಟು ಬಂದರೆ ನಾನು ಕೊಡ್ತೆನಾ? ನನಗೇ ಗೊತ್ತಿಲ್ಲ.
ಒಳ್ಳೆ ರೇಟಾದರೆ ಕೊಟ್ಟೇನು. ಮರುವರ್ಷ ಮೀನಿಲ್ಲದಾಗ
ನಿಮಗೇ ಬೈದೇನು. ಅದನ್ನೂ ಬರ್ಕೊಳ್ಳಿ.
ನಮ್ಮ ಜಂತ್ರಕ್ಕೆ ಬರುವ ಹುಣ್ಣಿಮೆಯ ಉಬ್ಬರ ಗೊತ್ತು.
ಅದರಾಚೆ ಇಲ್ಲ.’

ಬರೆದುಕೊಂಡೆ, ಅಂಚಿನಲ್ಲಿ, ಪೆನ್ಸಿಲ್ಲಿನಿಂದ.
ಮಾದರಿ ಕೊನೆಗೆ ಎರಡು ಗೆರೆ ಎಳೆಯುತ್ತದೆ,
ಗರಿಷ್ಠ ಒಂದು, ಕನಿಷ್ಠ ಒಂದು;
ನಡುವೆ ಒಂದು ತಾಲೂಕು ಮುಳುಗುವಷ್ಟು ಜಾಗ.
ಬೀರಾ ಅಲ್ಲೇ ಎಲ್ಲೋ ಇದ್ದಾನೆ, ಮೊಣಕಾಲಷ್ಟು ನೀರಲ್ಲಿ.

ಕತ್ತಲಾಯಿತು. ಟ್ಯಾಬು ಆರಿಹೋಯಿತು.
ತೆಂಗಿನ ಒಣಗರಿಯ ಸೂಡಿ ಹಚ್ಚಿ ಬೀಸುತ್ತಾ
ಡಾಂಬರು ರಸ್ತೆಯವರೆಗೆ ಕರೆತಂದ.
ಗರಿ ಎಷ್ಟು ಉರಿಯಿತು, ಎಷ್ಟು ದೂರಕ್ಕೆ,
ನಾನು ಲೆಕ್ಕ ಇಡಲಿಲ್ಲ.
ಬಸ್ಸು ತಿರುಗುವಾಗ ಅದರ ದೀಪದಲ್ಲಿ ಕಂಡ:
ಸೂಡಿಯನ್ನು ಹಸಿ ಮಣ್ಣಿಗೆ ಒತ್ತಿ ಆರಿಸಿ
ಉಳಿದ ಅರ್ಧವನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ.
ವಾಪಸು ದಾರಿಗೆ ಅವನಿಗೆ ಬೆಳಕು ಬೇಡ.